ಎಂಬತ್ನಾಲ್ಕಕ್ಕೆ ಕಪ್ಪಾದ ಪರದೆ

"ಈಗ ಅರವತ್ತಾರು," ಎಂದಳು ಕೀರ್ತನಾ. "ಏನೂ ಆಗಿಲ್ಲ, ನೋಡ್ರಿ ಮೇಡಂ."

ಎ.ಎಸ್.ಐ. ಶಾಂತಕುಮಾರಿ ಕನ್ನಡಕ ಸರಿಪಡಿಸಿಕೊಂಡು ಲ್ಯಾಪ್‌ಟಾಪಿನ ಪರದೆಗೆ ಮುಖ ಹತ್ತಿರ ತಂದಳು. ಹುಡುಗಿ ಸಂಖ್ಯೆಯನ್ನು ಎರಡೆರಡಾಗಿ ಏರಿಸುತ್ತ ಹೋದಳು. ಅರವತ್ತೆಂಟಕ್ಕೆ ಪರದೆ ಒಮ್ಮೆ ಆರಿ ಮತ್ತೆ ಹತ್ತಿತು. ಎಪ್ಪತ್ತಕ್ಕೂ ಹಾಗೆಯೇ. ಎಪ್ಪತ್ತೆರಡಕ್ಕೆ ಮೇಲಿನಿಂದ ಕೆಳಗಿನ ತನಕ ಕೂದಲೆಳೆಯಷ್ಟು ತೆಳ್ಳಗಿನ ಹಸಿರು ಗೆರೆಗಳು ಮೂಡಿದವು.

"ಇದರ ತಾಕತ್ತು ಇಷ್ಟ. ಈಗ ಒಮ್ಮೆಲೆ ಎಂಬತ್ನಾಲ್ಕು ಹಾಕ್ತೀನಿ."

ಪರದೆ ಕಪ್ಪಾಯಿತು. ಒಳಗಿನ ಫ್ಯಾನು ತಿರುಗುವ ಸದ್ದಷ್ಟೇ ಉಳಿಯಿತು. ಕೀರ್ತನಾ ಬಾಯೊಳಗೇ ಎಣಿಸಿದಳು. ಹದಿನೈದಾಗುತ್ತಲೇ ಚಿತ್ರ ತಾನಾಗಿ ಮರಳಿತು, ಅರವತ್ತಕ್ಕೆ.

"ನಮ್ಮಣ್ಣನ ಲ್ಯಾಪ್‌ಟಾಪ್ ಆರು ತಿಂಗಳಾತು ಎಂಬತ್ನಾಲ್ಕರಾಗ ಓಡ್ತಿತ್ತು. ಒಂದು ಗೆರಿ ಬಂದಿಲ್ಲ. ಇದು ಅವಂದಲ್ಲ ಮೇಡಂ."

ಅವಳ ಅಣ್ಣ ಹುಲುಗೇಶ ಕಾಣೆಯಾಗಿ ಒಂಬತ್ತು ದಿನವಾಗಿತ್ತು. ಹಗರಿಬೊಮ್ಮನಹಳ್ಳಿ ಕಡೆಯ ಹಿನ್ನೀರಿನ ದಂಡೆಯಲ್ಲಿ ಅವನ ಬೈಕು ಸಿಕ್ಕಿತ್ತು. ಕಾನಹೊಸಹಳ್ಳಿಯ ಈ ಮನೆಯಲ್ಲಿ, ಈ ಮೇಜಿನ ಮೇಲಿನ ಈ ಲ್ಯಾಪ್‌ಟಾಪಿನಲ್ಲಿ, ಆರು ಸಾಲಿನ ಪತ್ರ ಸಿಕ್ಕಿತ್ತು. 'ನನ್ನನ್ನು ಹುಡುಕಬೇಡಿ' ಎಂಬುದು ಅದರ ಕೊನೆಯ ಸಾಲು. ನೀರಿಗೆ ಬಿದ್ದಿದ್ದಾನೆ, ಸೋಮವಾರದೊಳಗೆ ಕಡತ ಮುಗಿಸಿ ಎಂದು ಮೇಲಿನವರು ಹೇಳಿಯಾಗಿತ್ತು.

ಶಾಂತಕುಮಾರಿಗೆ ಮೊದಲ ದಿನದಿಂದಲೂ ಆ ಪತ್ರದ ಮೇಲೆ ನಂಬಿಕೆ ಕೂತಿರಲಿಲ್ಲ. ಕೈಯಲ್ಲಿ ಬರೆದಿದ್ದರೆ ಅಕ್ಷರದ ಗುರುತಾದರೂ ಸಿಗುತ್ತಿತ್ತು. ಟೈಪು ಮಾಡಿದ್ದನ್ನು ಯಾರಾದರೂ ಮಾಡಬಹುದು.

"ನನಗ ತಿಳಿಯೂ ಹಂಗ ಹೇಳವ್ವ. ಏನಿದು ಎಂಬತ್ನಾಲ್ಕು?"

ಕೀರ್ತನಾ ಕೂಡ್ಲಿಗಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ದೂರದ ಊರಲ್ಲಿ ಕೆಲಸಕ್ಕಿದ್ದ ಹುಡುಗನ ಜೊತೆ ಬರುವ ಶ್ರಾವಣಕ್ಕೆ ಮದುವೆ ಗೊತ್ತಾಗಿತ್ತು. ಅಳುವುದನ್ನು ಮುಗಿಸಿ ಯೋಚಿಸಲು ಶುರು ಮಾಡಿದವರ ಮುಖ ಅವಳದು.

"ಈ ಪರದಿ ಸೆಕೆಂಡಿಗೆ ಅರವತ್ತು ಸಲ ಚಿತ್ರ ಹೊಸದಾಗಿ ತೋರಿಸ್ತೈತಿ. ಕಂಪನಿಯವ್ರು ಅಷ್ಟಕ್ಕ ನಿಲ್ಲಿಸಿರ್ತಾರ. ಕೆಲವು ಪರದಿ ಅದಕ್ಕಿಂತ ಜಾಸ್ತಿ ತಡೀತಾವ. ಅಣ್ಣ ಎರಡೆರಡು ಏರಿಸಿ ನೋಡ್ತಿದ್ದ. ಗೆರಿ ಬರೂತನ ಏರಿಸೂದು, ಬಂದ ಮ್ಯಾಲ ಎರಡು ಇಳಿಸೂದು. ಹಂಗ ಮಾಡಿದ್ರ ಗೇಮ್ ಆಡಾಕ, ವಿಡಿಯೋ ಎಡಿಟ್ ಮಾಡಾಕ ಕಣ್ಣಿಗೆ ಬಾಳ ನುಣುಪು ಅನಸ್ತೈತಿ."

"ಅದೇ ಮಾಡೆಲಿನ ಎಲ್ಲಾ ಪರದಿನೂ ಎಂಬತ್ನಾಲ್ಕು ತಡೀತಾವೇನು?"

"ಅದಾ ಇಲ್ಲಿ ವಿಷಯ. ಒಂದೊಂದರ ತಾಕತ್ತು ಒಂದೊಂದು. ಅಣ್ಣ ಹತ್ತಾರು ಮಂದಿಗೆ ಮಾಡಿಕೊಟ್ಟಾನ, ಹೆಚ್ಚಿನವು ಎಪ್ಪತ್ತು ದಾಟಿಲ್ಲ. ತನಗ ಲಾಟರಿ ಹೊಡದೈತಿ ಅಂತಿದ್ದ."

ಅವಳು ಫೋನಿನಲ್ಲಿ ಒಂದು ತಿಂಗಳ ಹಿಂದಿನ ವಿಡಿಯೋ ತೆಗೆದು ತೋರಿಸಿದಳು. ಇದೇ ಮೇಜು, ಇದೇ ಕಿಟಕಿ. ಹುಲುಗೇಶ ನಗುತ್ತ ಪರದೆಯ ಕಡೆ ಬೆರಳು ಮಾಡಿದ್ದ. ಪರದೆಯ ನಡುವೆ ದೊಡ್ಡ ಅಂಕಿಯಲ್ಲಿ 84 ಎಂದಿತ್ತು. ಅದರ ಕೆಳಗೆ ಒಂದು ಚೆಂಡು ಎಡದಿಂದ ಬಲಕ್ಕೆ ಜಾರುತ್ತಿತ್ತು.

"ಹಂಗಾರ ಇದರಾಗ ಅವನ ಫೋಟೋ, ಫೈಲು ಎಲ್ಲಾ ಹೆಂಗ ಬಂದ್ವು? ತಳದಾಗಿನ ನಂಬರೂ ಡಬ್ಬಿ ಮ್ಯಾಲಿನ ನಂಬರೂ ಒಂದ ಐತಿ. ನಾನ ನೋಡೀನಿ."

"ಡಿಸ್ಕು ಅವಂದ. ತಳದ ಮುಚ್ಚಳಾನೂ ಅವಂದ. ಬಿಚ್ಚಿ ಅದೇ ಮಾಡೆಲಿನ ಇನ್ನೊಂದಕ್ಕ ಹಾಕ್ಯಾರ. ಗೊತ್ತಿದ್ದವ್ರಿಗೆ ಅರ್ಧ ತಾಸಿನ ಕೆಲಸ."

ಅಡುಗೆಮನೆಯ ಹೊಸ್ತಿಲ ಬಳಿ ಹುಲುಗೇಶನ ತಾಯಿ ಅಂಜಿನಕ್ಕ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು. ಇಷ್ಟು ಹೊತ್ತೂ ತಲೆ ಎತ್ತದವಳು ಈಗ ಎತ್ತಿದಳು.

"ಹೋದಾವ ಹೋಗ್ಯಾನ. ಪೆಟ್ಟಿಗಿ ಯಾವ್ದಾದ್ರೇನವ್ವ ಇನ್ನ?"

"ಯವ್ವಾ, ನೀ ಸುಮ್ನಿರು," ಎಂದಳು ಕೀರ್ತನಾ. ದೂರು ಕೊಟ್ಟವಳು ಅವಳೇ. ತಾಯಿ ಹೆಬ್ಬೆಟ್ಟು ಒತ್ತಿದ್ದಷ್ಟೇ.

"ಇನ್ನೊಂದು ಐತಿ ಮೇಡಂ. ಅಣ್ಣ ಎಂಬತ್ನಾಲ್ಕನ್ನ ಡಿಸ್ಕಿನಾಗ ಉಳಿಸಿ ಇಟ್ಟಿದ್ದ. ಈಗ ನಾ ಪರೀಕ್ಷೆಗಂತ ಹಾಕಿದ್ದಕ್ಕ ತಾನ ಹಿಂದಕ ಬಂತು. ಉಳಿಸಿಟ್ಟಿದ್ದು ಹಂಗ ಬರೂದಿಲ್ಲ. ಆ ಡಿಸ್ಕನ್ನ ಇದಕ್ಕ ಹಾಕಿ ಚಾಲೂ ಮಾಡಿದಾಗ ಏನಾಗಿರಬೇಕು?"

"ಕಪ್ಪಾಗಿರಬೇಕು."

"ಹೌದು. ಕಪ್ಪು ಪರದಿಯಾಗ ಏನೂ ಕಾಣಂಗಿಲ್ಲ, ಸರಿ ಮಾಡಾಕ ಆಗಂಗಿಲ್ಲ. ಬ್ಯಾರೆ ಟಿವಿಗೆ ವೈರ್ ಜೋಡಿಸಿ, ಅದರಾಗ ನೋಡಿ ಅರವತ್ತಕ್ಕ ಇಳಿಸಬೇಕು. ಲ್ಯಾಪ್‌ಟಾಪಿಗೆ ಯಾವ್ಯಾವ ಪರದಿ ಜೋಡಿಸಿದ್ರು ಅಂತ ಇದರಾಗ ಪಟ್ಟಿ ಉಳೀತೈತಿ."

ಅವಳು ಪಟ್ಟಿಯನ್ನು ತೆರೆದಳು. ಇದ್ದದ್ದು ಎರಡೇ ಹೆಸರು. ಒಂದು ಲ್ಯಾಪ್‌ಟಾಪಿನದೇ ಪರದೆ. ಇನ್ನೊಂದು ಒಂದು ದೊಡ್ಡ ಟಿವಿಯದು. ಅದು ಜೋಡಣೆಯಾದದ್ದು ಕಳೆದ ವಾರದ ಬುಧವಾರ, ಬೆಳಿಗ್ಗೆ ಹನ್ನೊಂದೂವರೆಗೆ.

ಈ ಮನೆಯಲ್ಲಿದ್ದದ್ದು ಹಳೆಯ ಡಬ್ಬಿ ಟಿವಿ. ಅದಕ್ಕೆ ಲ್ಯಾಪ್‌ಟಾಪಿನ ವೈರು ಸಿಕ್ಕಿಸುವ ಜಾಗವೇ ಇರಲಿಲ್ಲ.

ಶಾಂತಕುಮಾರಿ ಮನಸ್ಸಿನಲ್ಲೇ ದಿನ ಜೋಡಿಸಿದಳು. ಹುಲುಗೇಶನನ್ನು ಜನ ಕೊನೆಗೆ ನೋಡಿದ್ದು ಮಂಗಳವಾರ ಸಂಜೆ. ಲ್ಯಾಪ್‌ಟಾಪು ಬದಲಾದದ್ದು ಬುಧವಾರ ಹನ್ನೊಂದೂವರೆ ಸುಮಾರಿಗೆ. ಪತ್ರದ ಫೈಲು ಹುಟ್ಟಿದ್ದು ಅದೇ ದಿನ ಮಧ್ಯಾಹ್ನ ಮೂರು ಹತ್ತಕ್ಕೆ. ಅಂದರೆ ಆ ಆರು ಸಾಲು ಹುಲುಗೇಶನ ಲ್ಯಾಪ್‌ಟಾಪಿನಲ್ಲಿ ಬರೆದದ್ದಲ್ಲ. ಬೇರೆ ಯಾರೋ ಸಿದ್ಧಮಾಡಿ ಇಟ್ಟ ಲ್ಯಾಪ್‌ಟಾಪಿನಲ್ಲಿ ಬರೆದದ್ದು.

ಮತ್ತೊಂದು ಪ್ರಶ್ನೆ ಅದರ ಬೆನ್ನಿಗೇ ಬಂತು. ಬದಲಿಸಿದ್ದಾದರೂ ಯಾಕೆ? ಹಳೆಯದನ್ನು ಯಾರಿಗೂ ತೋರಿಸುವಂತಿರಲಿಲ್ಲ, ಅದಕ್ಕೇ. ಒಡೆದಿರಬೇಕು. ಇಲ್ಲವೇ ನೆನೆದಿರಬೇಕು.

"ಕೀರ್ತನಾ, ನಿಮ್ಮಣ್ಣ ಕೆಲಸ ಮಾಡ್ತಿದ್ದ ಅಂಗಡಿಯಾಗ ದೊಡ್ಡ ಟಿವಿ ಐತೇನು?"

ಹುಡುಗಿ ಉತ್ತರಿಸುವ ಮೊದಲೇ ಅಂಜಿನಕ್ಕನ ಕೈಯಿಂದ ಹುಣಸೆಹಣ್ಣಿನ ಮೊರ ಜಾರಿ ಬೀಜಗಳು ನೆಲದ ಮೇಲೆ ಚೆಲ್ಲಿದವು.

* * *

ಕೊಟ್ಟೂರಿನ ಬಸ್‌ಸ್ಟ್ಯಾಂಡಿಗೆ ನಾಲ್ಕು ಹೆಜ್ಜೆ ದೂರದಲ್ಲಿ ಗಂಗಾಧರನ ಕಂಪ್ಯೂಟರ್ ಅಂಗಡಿ. ಮಧ್ಯಾಹ್ನದ ಹೊತ್ತು, ಎದುರಿನ ಮಿರ್ಚಿ ಬಂಡಿಯ ಎಣ್ಣೆಯ ವಾಸನೆ ಅಂಗಡಿಯೊಳಗೂ ಬಂದಿತ್ತು. ಗೋಡೆಯ ಮೇಲೆ ದೊಡ್ಡ ಟಿವಿ ಇತ್ತು. ಶಾಂತಕುಮಾರಿ ಒಳಗೆ ಬಂದೊಡನೆ ಮೊದಲು ನೋಡಿದ್ದು ಅದರ ಕೆಳಗಿನ ಮೂಲೆಯ ಹೆಸರನ್ನು. ಪಟ್ಟಿಯಲ್ಲಿದ್ದದ್ದೇ ಹೆಸರು.

ಗಂಗಾಧರ ತೆಲಿಗಿಯವನು, ನಲವತ್ತರ ಆಸುಪಾಸು, ಹಣೆಯ ಮೇಲೆ ವಿಭೂತಿ. ಕೊಟ್ಟೂರಿಗೆ ಬಂದು ಅಂಗಡಿ ಇಟ್ಟು ಹನ್ನೆರಡು ವರ್ಷವಾದರೂ ಮಾತಿನಲ್ಲಿ ಹರಪನಹಳ್ಳಿ ಕಡೆಯ ಎಳೆತ ಹೋಗಿರಲಿಲ್ಲ. ಹುಲುಗೇಶ ಅವನ ಕೈಕೆಳಗೆ ನಾಲ್ಕು ವರ್ಷ ಕೆಲಸ ಮಾಡಿದ್ದ.

"ಬರ್ರಿ ಮೇಡಂ. ಚಾ ಹೇಳ್ಲಾ?"

"ಹೇಳ್ರಿ. ಅಷ್ಟರಾಗ ಒಂದು ಸಣ್ಣ ಕೆಲಸ ಐತಿ." ಅವಳು ಚೀಲದಿಂದ ಲ್ಯಾಪ್‌ಟಾಪು ತೆಗೆದು ಕಟ್ಟೆಯ ಮೇಲಿಟ್ಟಳು. "ಇದು ಎಂಬತ್ನಾಲ್ಕಕ್ಕ ಕಪ್ಪಾಗ್ತೈತಿ. ಯಾಕಿರಬಹುದು?"

ಅವನು ಲ್ಯಾಪ್‌ಟಾಪನ್ನು ನೋಡಿದ. ಗುರುತು ಹಿಡಿಯದವನಂತೆ ಇರಲು ಪ್ರಯತ್ನಪಟ್ಟ.

"ಬೇಸಿಗೆ ಅಲ್ಲವ್ರಾ ಮೇಡಂ. ಜಾಸ್ತಿ ಏರಿಸಿದ ಪರದೆ ಬಿಸಿಗೆ ಸೋಲ್ತೈತೆ. ನಾನು ಆ ಹುಡುಗನಿಗೆ ಎಷ್ಟು ಸಲ ಹೇಳೀನಿ, ಕಂಪನಿಯವರು ಇಟ್ಟದ್ದಕ್ಕೇ ಬಿಡಪ್ಪ ಅಂತ. ಕೇಳ್ತಿರಲಿಲ್ಲ."

"ಸೋತಿರಬಹುದು," ಎಂದು ಶಾಂತಕುಮಾರಿ ಒಪ್ಪಿಕೊಂಡಳು. "ನೀವು ಬಲ್ಲವ್ರು. ನಾ ಇದರಾಗ ಹೊಸಬಾಕಿ. ಸ್ವಲ್ಪ ಆ ಟಿವಿಗೆ ಜೋಡಿಸಿ ತೋರಿಸ್ತೀರೇನು?"

"ಟಿವಿಗ್ಯಾಕೆ?"

"ಸಣ್ಣ ಅಕ್ಷರ ನನ್ನ ಕಣ್ಣಿಗೆ ಕಾಣೂದಿಲ್ಲರಿ."

ಅವನು ತಡವರಿಸಿದ. ಬೇಡವೆನ್ನಲು ಕಾರಣ ಸಿಗಲಿಲ್ಲ. ಟಿವಿಯ ಹಿಂದಿನಿಂದ ಇಳಿಬಿದ್ದ ವೈರನ್ನು ತಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿದ.

ಲ್ಯಾಪ್‌ಟಾಪಿನ ಪರದೆ ಪಟಕ್ಕನೆ ಆರಿತು. ಚಿತ್ರವೆಲ್ಲ ಗೋಡೆಯ ಟಿವಿಗೆ ಹೋಯಿತು, ಟಿವಿಗೊಂದಕ್ಕೇ.

ಶಾಂತಕುಮಾರಿ ಕುರ್ಚಿ ಎಳೆದುಕೊಂಡು ಕೂತಳು. ಬರುವ ಮುಂಚೆ ಕೀರ್ತನಾ ಇದನ್ನು ಅವಳಿಗೆ ಎರಡು ಸಲ ಬಿಡಿಸಿ ಹೇಳಿದ್ದಳು.

"ಗಂಗಾಧರ್, ಹೊಸ ಟಿವಿಗೆ ಜೋಡಿಸಿದ್ರ ಎರಡರಾಗೂ ಚಿತ್ರ ಬರ್ತೈತಿ. ಹೌದಲ್ರಿ? ತನ್ನ ಪರದಿ ಆರಿಸಿ ಬರೇ ಟಿವಿಗೆ ಕಳಸಾಕ, ಹಿಂದೊಮ್ಮೆ ಯಾರರ ಇದೇ ಟಿವಿಯಾಗ ಹಂಗ ಹೇಳಿಕೊಟ್ಟಿರಬೇಕು. ಇದು ಅದನ್ನ ಮರ್ತಿಲ್ಲ. ಬುಧವಾರ ಹನ್ನೊಂದೂವರೆ ಅಂತ ತಾಸು ಸುದ್ದಾ ಬರಕೊಂಡೈತಿ."

ಚಹಾ ಬಂತು. ಇಬ್ಬರೂ ಮುಟ್ಟಲಿಲ್ಲ.

"ಆ ಹುಡುಗ ಮಂಗಳವಾರ ಸಂಜಿಂದ ಕಂಡಿಲ್ಲ. ಬುಧವಾರ ಅವನ ಡಿಸ್ಕು ನಿಮ್ಮ ಕೈಯಾಗಿತ್ತು. ಇನ್ನ ನಾ ಠಾಣಿಗೆ ಹೋಗಿ ಏನು ಬರೀಬೇಕು, ನೀವ ಹೇಳ್ರಿ."

ಗಂಗಾಧರನ ಮುಖದ ಬಣ್ಣ ಇಳಿಯಿತು. ಅಂಗಡಿಯ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ನಾನು ಅವನಿಗೆ ಏನೂ ಮಾಡಿಲ್ಲ ಮೇಡಂ. ಅವನು ನನ್ನ ತಮ್ಮ ಇದ್ದಂಗೆ. ಲ್ಯಾಪ್‌ಟಾಪ್ ಬದಲಿ ಮಾಡಿದ್ದು ನಿಜ. ಪೂರಾ ನೀರು ಕುಡಿದಿತ್ತು. ಒಳಗೆ ಮರಳು, ಸಣ್ಣ ಕಪ್ಪೆಚಿಪ್ಪು. ಬೋರ್ಡು ಸತ್ತು ಹೋಗಿತ್ತು. ಡಿಸ್ಕು ಒಂದು ಒಣಗಿಸಿದ ಮೇಲೆ ಉಳೀತು. ಅದೇ ಮಾಡೆಲಿಂದು ಇನ್ನೊಂದು ನನ್ನ ಕಪಾಟಿನಲ್ಲಿತ್ತು, ಅದಕ್ಕೆ ಹಾಕಿದೆ. ಚಾಲೂ ಮಾಡಿದ್ರೆ ಕಪ್ಪು. ಆಮೇಲೆ ನೆನಪಾಯ್ತು ಅವನ ಎಂಬತ್ನಾಲ್ಕು. ಟಿವಿಗೆ ಹಾಕಿ ಇಳಿಸಿದೆ."

"ನೆನೆದಿದ್ದು ಎಲ್ಲೈತಿ?"

ಅವನು ಒಳಗೆ ಹೋಗಿ ಗೋಣಿತಾಟಿನಲ್ಲಿ ಸುತ್ತಿದ್ದೊಂದನ್ನು ತಂದು ಬಿಚ್ಚಿದ. ತಳದ ಮುಚ್ಚಳ ಇರಲಿಲ್ಲ. ಕೀಲಿಗಳ ಸಂದಿಯಲ್ಲಿ ಕೆಸರು ಒಣಗಿ ಬಿಳಿಚಿತ್ತು. ಹಿನ್ನೀರಿನ ದಂಡೆಯ ಮಣ್ಣು ಅದೇ ಬಣ್ಣದ್ದು. ಅದರ ಪಾಡಿಗೆ ಅದು ಅಲ್ಲಿ ಬಿದ್ದಿರುವುದನ್ನು ನೋಡುವಾಗ, ವಿಡಿಯೋದಲ್ಲಿ ನಕ್ಕ ಹುಡುಗನ ಮುಖ ಶಾಂತಕುಮಾರಿಯ ಕಣ್ಣಿಗೆ ಬಂತು.

"ಇದನ್ನ ನಿಮಗ ತಂದುಕೊಟ್ಟಾವ ಯಾರು?"

ಗಂಗಾಧರ ಗೋಣಿತಾಟನ್ನು ಮತ್ತೆ ಸುತ್ತತೊಡಗಿದ.

"ಮಾತು ಕೊಟ್ಟೀನಿ ಮೇಡಂ. ಕೈ ಮುಗಿದು ಕೇಳಿದ್ರು."

"ಗಂಗಾಧರ್, ಹೆಣ ಸಿಗೂತನ ಮಾತು ಹಿಡಕೊಂಡು ಕೂಡ್ತೀರೇನು?"

ಅವನು ಫೋನು ತೆಗೆದ. ಅಂಗಡಿಯ ಕ್ಯಾಮೆರಾದ ಹಳೆಯ ದೃಶ್ಯವನ್ನು ಹುಡುಕಿ ಮುಂದೆ ಹಿಡಿದ. ಬುಧವಾರ, ಬೆಳಿಗ್ಗೆ ಒಂಬತ್ತಕ್ಕೆ ಐದು ನಿಮಿಷ. ಒದ್ದೆ ಟವೆಲಿನ ಗಂಟೊಂದನ್ನು ಎದೆಗವಚಿಕೊಂಡು ಹೆಂಗಸೊಬ್ಬಳು ಮೆಟ್ಟಿಲೇರಿದಳು. ತಲೆಯ ಮೇಲಿನ ಸೆರಗು ಜಾರಿ ಮುಖ ಕಂಡಿತು.

ಅಂಜಿನಕ್ಕ.

"ಮಗನ ಸಾಮಾನು ನೀರಿಗೆ ಬೀಳಿಸೀನಿ, ಅವನಿಗೆ ಗೊತ್ತಾದ್ರೆ ಸಿಟ್ಟಾಗ್ತಾನೆ, ಮೊದಲಿನಂಗೇ ಮಾಡಿಕೊಡಪ್ಪ ಅಂದ್ರು. ಇಲ್ಲೇ ಕಾದು ಕೂತಿದ್ದು ಹನ್ನೆರಡೂವರೆಗೆ ಒಯ್ದರು. ನೋಡ್ರಿ, ಇದು ಹೋಗೋವಾಗಿಂದು. ಎರಡು ದಿನ ಆದ ಮೇಲೆ ಪತ್ರದ ಸುದ್ದಿ ಬಂತು. ನನಗೆ ಕೈಕಾಲು ಆಡ್ಲಿಲ್ಲ. ಹೇಳಿದ್ರೆ ನನ್ನ ಮೇಲೇ ಬರ್ತೈತೆ ಅಂತ ಸುಮ್ಮನಾದೆ."

ಹನ್ನೆರಡೂವರೆಯ ಬಸ್ಸು ಹಿಡಿದರೆ ಎರಡರ ಹೊತ್ತಿಗೆ ಕಾನಹೊಸಹಳ್ಳಿ. ಪತ್ರ ಹುಟ್ಟಿದ್ದು ಮೂರು ಹತ್ತಕ್ಕೆ. ಆ ಹೊತ್ತಿಗೆ ಕೀರ್ತನಾ ಕೂಡ್ಲಿಗಿಯಲ್ಲಿ, ಕಾಲೇಜಿನ ಪ್ರಯೋಗಾಲಯದಲ್ಲಿ. ಅದನ್ನು ಮೊದಲ ದಿನವೇ ವಿಚಾರಿಸಿಯಾಗಿತ್ತು. ಮನೆಯಲ್ಲಿದ್ದವಳು ಅಂಜಿನಕ್ಕ ಒಬ್ಬಳೇ. ಅವಳಿಗೆ ಓದು ಬರಹವಿಲ್ಲ. ದೂರಿನ ಕೆಳಗೆ ಹೆಬ್ಬೆಟ್ಟು ಒತ್ತಿದ ಕೈ ಅದು.

ಹಾಗಾದರೆ ಆ ಮನೆಯಲ್ಲಿ ಕೂತು ಆರು ಸಾಲು ಟೈಪು ಮಾಡಿದವನು ಯಾರು?

ಇಷ್ಟು ಹೊತ್ತೂ ಕೊಲೆಯ ದಾರಿ ಹಿಡಿದು ಬಂದಿದ್ದ ಶಾಂತಕುಮಾರಿ, ಆ ಪ್ರಶ್ನೆಯ ಮುಂದೆ ನಿಂತುಬಿಟ್ಟಳು. ಅದಕ್ಕೆ ಒಂದೇ ಉತ್ತರವಿತ್ತು. ಅದು ಒಳ್ಳೆಯ ಉತ್ತರವೋ ಕೆಟ್ಟದ್ದೋ ಅವಳಿಗೆ ತಿಳಿಯಲಿಲ್ಲ.

* * *

ಜೀಪು ಕಾನಹೊಸಹಳ್ಳಿ ಮುಟ್ಟುವ ಹೊತ್ತಿಗೆ ನಾಲ್ಕಾಗಿತ್ತು. ಕೀರ್ತನಾಳನ್ನು ಶಾಂತಕುಮಾರಿ ಬೇಕೆಂದೇ ಜೀಪಿನ ಚಾಲಕನ ಜೊತೆ ಪೇಟೆಗೆ ಕಳಿಸಿದಳು, ಪತ್ರದ ಇನ್ನೊಂದು ಪ್ರತಿ ಪ್ರಿಂಟು ತೆಗೆಸಲು. ಆಮೇಲೆ ಅಡುಗೆಮನೆಯ ಹೊಸ್ತಿಲಿಗೆ ಬಂದು, ಅಂಜಿನಕ್ಕನ ಎದುರು ನೆಲದ ಮೇಲೆಯೇ ಕೂತಳು. ಚೆಲ್ಲಿದ ಬೀಜಗಳನ್ನು ಗುಡಿಸಿ ಒಂದು ಮೂಲೆಗೆ ಕೂಡಿಟ್ಟಿದ್ದಳು ಮುದುಕಿ.

"ಅಂಜಿನಕ್ಕ, ಗಂಗಾಧರ ಎಲ್ಲಾ ಹೇಳ್ಯಾನ."

ಅಂಜಿನಕ್ಕ ಬೆಚ್ಚಲಿಲ್ಲ. ಬಹಳ ಹೊತ್ತು ಕಾದಿದ್ದ ಬಸ್ಸು ಕೊನೆಗೂ ಬಂತೆಂಬಂತೆ ಉಸಿರು ಬಿಟ್ಟಳು.

"ನೀರು ಕೊಡ್ಲೇನವ್ವ?"

"ಬ್ಯಾಡ. ಬುಧವಾರ ಮಧ್ಯಾಹ್ನ ಈ ಮನಿಯಾಗ ನಿನ್ನ ಜೊತಿ ಯಾರಿದ್ರು, ಅಷ್ಟು ಹೇಳು."

"ಯಾರಿರ್ತಾರ? ನಾ ಒಬ್ಬಾಕಿ."

"ಒಬ್ಬಾಕಿ ಹೆಂಗ ಪತ್ರ ಬರದಿ? ನಿನಗ ಅಕ್ಷರ ಬರೂದಿಲ್ಲ."

ಅಂಜಿನಕ್ಕ ತನ್ನ ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡು ನೋಡಿಕೊಂಡಳು. ಹುಣಸೆಯ ಹುಳಿಗೆ ಬೆರಳ ತುದಿಗಳು ಕಪ್ಪಾಗಿದ್ದವು. ಹೊರಗೆ ಹೆದ್ದಾರಿಯಲ್ಲಿ ಲಾರಿಯೊಂದು ಹಾರ್ನು ಹೊಡೆಯುತ್ತ ಹೋಯಿತು. ಶಾಂತಕುಮಾರಿ ಅವಸರ ಮಾಡಲಿಲ್ಲ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಅವಳು ಕಲಿತದ್ದರಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಸುಮ್ಮನೆ ಕೂರುವುದು.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಠಾಣೆಯಿಂದ.

"ಮೇಡಂ, ಹಿನ್ನೀರಿನಾಗ ಮೀನಿನವ್ರ ಬಲೆಗೆ ಒಂದು ಹೆಣ ಬಂದೈತಿ. ಗಂಡಸು. ನೀರಾಗ ಬಾಳ ದಿನ ಇದ್ದಂಗೈತಿ, ಮುಖದ ಗುರುತು ಸಿಗಂಗಿಲ್ಲ. ಆದ್ರ ಪ್ಯಾಂಟಿನ ಕಿಸೆದಾಗ ಗಾಡಿ ಕೀಲಿ ಸಿಕ್ಕೈತಿ. ಹಾಕಿ ನೋಡಿದ್ವಿ, ಹುಲುಗೇಶನ ಬೈಕಿಂದ. ಮನಿಯವ್ರನ್ನ ಕರಕೊಂಡು ಬರ್ರಿ."

ಶಾಂತಕುಮಾರಿ ಫೋನು ಕೆಳಗಿಟ್ಟಳು. ಇಂಥ ಮಾತನ್ನು ಹೇಳುವ ಸರಿಯಾದ ರೀತಿಯೊಂದು ಇಲ್ಲವೆಂದು ಅವಳಿಗೆ ಗೊತ್ತಿತ್ತು. ಅಂಜಿನಕ್ಕನ ಮೊಣಕೈ ಮೇಲೆ ಕೈಯಿಟ್ಟು ಇದ್ದದ್ದನ್ನು ಇದ್ದಂತೆ ಹೇಳಿದಳು. ಹೆಣ ಸಿಕ್ಕಿದ್ದು, ಕೀಲಿ ಸಿಕ್ಕಿದ್ದು. ಅಳು ಬರುತ್ತದೆಂದು ಕಾದಳು.

ಅಳು ಬರಲಿಲ್ಲ.

"ನಾ ಬಂದು ನೋಡೂದು ಬ್ಯಾಡವ್ವ," ಎಂದಳು ಅಂಜಿನಕ್ಕ, ತಣ್ಣಗೆ. "ಅವ ನನ್ನ ಮಗ ಅಲ್ಲ."

"ನೋಡದ ಹೆಂಗ ಹೇಳ್ತಿ?"

"ನನ್ನ ಮಗ ಅದಾನ. ನಿನ್ನೆ ಸಂಜಿಕ ಉಂಡಾನ."

ಶಾಂತಕುಮಾರಿಯ ಕೈ ಮುದುಕಿಯ ಮೊಣಕೈ ಮೇಲೆ ಹಾಗೆಯೇ ನಿಂತಿತು. ಹೊರಗೆ ಜೀಪು ಬಂದು ನಿಂತ ಸದ್ದಾಯಿತು. ಬಾಗಿಲು ತೆರೆದು ಕೀರ್ತನಾ ಇಳಿಯುತ್ತಿದ್ದಳು.

"ಹಂಗಾರ ಅಲ್ಲಿ ಸತ್ತಾವ ಯಾರು, ಅಂಜಿನಕ್ಕ?"

ಅಂಜಿನಕ್ಕ ಅಂಗಳದ ಕಡೆ, ಬರುತ್ತಿದ್ದ ಮಗಳ ಕಡೆ ಕಣ್ಣು ಹೊರಳಿಸಿದಳು. ಒಂಬತ್ತು ದಿನದಲ್ಲಿ ಮೊದಲ ಸಲ ಅವಳ ಮುಖದಲ್ಲಿ ಹೆದರಿಕೆ ಕಂಡಿತು.

"ಮೆಲ್ಲಕ ಮಾತಾಡವ್ವ," ಎಂದು ಪಿಸುಗುಟ್ಟಿದಳು. "ಬರೂ ಶ್ರಾವಣಕ್ಕ ಇಕಿನ್ನ ಲಗ್ನ ಆಗಾವ ಇದ್ದ ಅವ. ಇಕಿಗೆ ಇನ್ನೂ ಗೊತ್ತಿಲ್ಲ."